ಆ ಹದಿಮೂರು ಅಂಕಿ ನಿಮ್ಮ ಹೆಸರಲ್ಲಿರಲಿ

ಸ್ವಂತ ಖರ್ಚಿನಲ್ಲಿ ಪುಸ್ತಕ ತರುತ್ತಿರುವ ಕನ್ನಡದ ಎಲ್ಲ ಲೇಖಕ, ಲೇಖಕಿಯರಿಗೆ,

ನಮಸ್ಕಾರ.

ನಾನು ಗದಗಿನಲ್ಲಿ ಪುಸ್ತಕಗಳ ಪುಟ ಕಟ್ಟುವವನು. ಎಲ್ಲರೂ ಕರೆಯುವುದು ಡಿಟಿಪಿಯವ ಅಂತ. ನಮ್ಮೂರಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಕಾಶಿಯಲ್ಲಿ ದೋಣಿ ನಡೆಸುವವನಿಗೆ ಎಷ್ಟು ಯಾತ್ರಿಕರ ಪರಿಚಯವೋ ನನಗೂ ಅಷ್ಟೇ ಲೇಖಕರ ಪರಿಚಯ. ಪಿಂಚಣಿಯಲ್ಲಿ ಕವನ ಸಂಕಲನ ತರುವವರು, ತಂದೆಯ ಮೊದಲ ವರ್ಷದ ತಿಥಿಗೆ ಅವರ ವಚನ ವ್ಯಾಖ್ಯಾನ ಅಚ್ಚು ಹಾಕಿಸುವವರು, ಪಿಎಚ್‌ಡಿ ಮುಗಿಸಿ ಪ್ರಬಂಧವನ್ನು ಪುಸ್ತಕ ಮಾಡುವವರು. ಎಲ್ಲರೂ ಕೊನೆಗೆ ಕೇಳುವ ಮಾತು ಒಂದೇ: "ಬೆನ್ನಿಗೆ ಆ ಗೆರಿ ಗೆರಿ ಹಾಕ್ರಿ ಮತ್ತ, ಅದಿಲ್ದಿದ್ರ ಪುಸ್ತಕ ಅನ್ಸೂದಿಲ್ಲ."

ಆ ಗೆರೆಗಳು ಎಂದರೆ ಬಾರ್‌ಕೋಡ್, ಅದರ ಮೇಲಿನ ಹದಿಮೂರು ಅಂಕಿ ಎಂದರೆ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ. ಅವೆರಡರ ಬಗ್ಗೆಯೇ ಈ ಪತ್ರ. ಬರೆಯಬೇಕಾಗಿ ಬಂದದ್ದು ಒಬ್ಬ ಮಾಸ್ತರರಿಂದ.

ಕಳೆದ ಶ್ರಾವಣದಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಅವರದೇ ಕವನ ಸಂಕಲನ, ಡೆಮಿ 1/8 ಅಳತೆ, 96 ಪುಟ, ಅಚ್ಚುಕಟ್ಟಾದ ಕೆಲಸ. ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದ ದೂರದ ಊರಿನ ಒಂದು ಪ್ರಕಾಶನ ಸೇವೆಯವರಿಗೆ ಕೊಟ್ಟು ಮಾಡಿಸಿದ್ದರು. ಬಿಲ್ಲಿನಲ್ಲಿ "ಐಎಸ್‌ಬಿಎನ್ ಮತ್ತು ಬಾರ್‌ಕೋಡ್: 3,000 ರೂ." ಎಂದು ಬೇರೆಯೇ ಸಾಲಿತ್ತು. ಮೊಮ್ಮಗಳು ಆನ್‌ಲೈನ್ ಅಂಗಡಿಯ ಹುಡುಕುವ ಪೆಟ್ಟಿಗೆಯಲ್ಲಿ ಆ ಸಂಖ್ಯೆ ಹೊಡೆದಿದ್ದಾಳೆ. ತೆರೆದುಕೊಂಡದ್ದು ಯಾರದೋ ಅಡುಗೆ ಪುಸ್ತಕ.

"ಏನ್ರೀ ಇದು," ಅಂದರು ಮಾಸ್ತರು, "ನನ್ನ ಕವಿತಾದ ನಂಬರ್ ಹೊಡದ್ರ ಉಪ್ಪಿನಕಾಯಿ ಬರ್ತೈತಲ್ಲ?"

ನಗು ಬಂತು. ಆಮೇಲೆ ಸಿಟ್ಟೂ ಬಂತು. ಮೂರು ಸಾವಿರ ರೂಪಾಯಿ ತೆಗೆದುಕೊಂಡು ಇನ್ನೊಂದು ಪುಸ್ತಕಕ್ಕೆ ಆಗಲೇ ಬಳಸಿದ್ದ ಸಂಖ್ಯೆಯನ್ನು ಇವರ ಬೆನ್ನಿಗೆ ಅಂಟಿಸಿದ್ದರು. ಮದುವೆಗೆ ಎರವಲು ತಂದ ಒಡವೆಯ ಹಾಗೆ.

ಮೊದಲು ಹಣದ ಮಾತು ಮುಗಿಸೋಣ. ಭಾರತದಲ್ಲಿ ಐಎಸ್‌ಬಿಎನ್‌ಗೆ ಶುಲ್ಕವಿಲ್ಲ. ದೆಹಲಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಇದೆ. ಸಂಖ್ಯೆ ಕೊಡುವುದು ಅದು. 2016ರಿಂದ ಅರ್ಜಿಯೆಲ್ಲ ಆನ್‌ಲೈನ್. ನೀವು ಕಂಪನಿ ತೆರೆಯಬೇಕಿಲ್ಲ, ಪ್ರಕಾಶನಕ್ಕೊಂದು ಹೆಸರಿಟ್ಟು ನೋಂದಣಿ ಮಾಡಿಸಬೇಕಿಲ್ಲ. ಲೇಖಕರೇ ಪ್ರಕಾಶಕರು ಎಂದು ನಿಮ್ಮ ಹೆಸರಲ್ಲೇ ಖಾತೆ ತೆರೆದು, ಗುರುತಿನ ದಾಖಲೆ ಮತ್ತು ಪುಸ್ತಕದ ಮುಖಪುಟ, ಶೀರ್ಷಿಕೆ ಪುಟದಂಥ ವಿವರ ಕೊಟ್ಟು ಕೇಳಬಹುದು. ಒಂದೇ ಎಚ್ಚರ: ನಾಳೆ ಬಿಡುಗಡೆ, ಇವತ್ತು ಸಂಖ್ಯೆ ಬೇಕು ಅಂದರೆ ಆಗದು. ಪ್ರೂಫ್ ಮೊದಲ ಸುತ್ತು ತಿದ್ದುವಾಗಲೇ ಅರ್ಜಿ ಹಾಕಿಬಿಡಿ. ಬಿಡುಗಡೆಗೆ ಅತಿಥಿಗಳ ದಿನಾಂಕ ಹಿಡಿಯಲು ತಿಂಗಳುಗಟ್ಟಲೆ ಓಡಾಡುತ್ತೀರಿ, ಇದಕ್ಕೂ ಅರ್ಧ ದಿನ ಎತ್ತಿಡಿ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಬೌಕರ್ ಎಂಬ ಕಂಪನಿ ಸಂಖ್ಯೆಗಳನ್ನು ಮಾರುತ್ತದೆ, ಬಿಡಿಯಾಗಿ ಒಂದನ್ನು ಕೊಂಡರೆ ನೂರು ಡಾಲರಿಗೂ ಮೇಲೆ. ಕೆನಡಾದಲ್ಲಿ ಮತ್ತೆ ಉಚಿತ. ಪ್ರಕಾಶಕ ಯಾವ ದೇಶದಲ್ಲಿದ್ದಾನೋ ಆ ದೇಶದ ಏಜೆನ್ಸಿಯಿಂದಲೇ ಪಡೆಯಬೇಕೆಂಬುದು ನಿಯಮ. ಹಾಗಾಗಿ ನ್ಯೂಜೆರ್ಸಿಯಲ್ಲಿ ಕೂತು ಕನ್ನಡ ಕಾದಂಬರಿ ಪ್ರಕಟಿಸುವವರಿಗೆ ಅಲ್ಲಿಯ ಸಂಖ್ಯೆ, ನರೇಗಲ್ಲಿನಲ್ಲಿ ಕೂತವರಿಗೆ ಇಲ್ಲಿಯದು. ಸಂಖ್ಯೆಯಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಅಂಕಿಯಿಲ್ಲ. ನಿಮ್ಮ ಪುಸ್ತಕದ ಮೇಲಿರುವ 81 ಅಥವಾ 93 ಎಂದರೆ ಭಾರತ, ಅಷ್ಟೇ.

ಸಂಖ್ಯೆಯನ್ನು ಬಿಡಿಸಿದರೆ ಒಳಗೆ ಐದು ತುಂಡು. ಮೊದಲು 978. ಆಮೇಲೆ ದೇಶ ಅಥವಾ ಭಾಷಾ ಪ್ರದೇಶ. ಮೂರನೆಯದು ಪ್ರಕಾಶಕರಿಗೆ ಮೀಸಲಾದ ಭಾಗ, ನಾಲ್ಕನೆಯದು ಪುಸ್ತಕದ್ದು, ಕೊನೆಗೊಂದು ತಾಳೆ ನೋಡುವ ಅಂಕಿ. ಇದರಲ್ಲಿ ನಿಮಗೆ ಮುಖ್ಯವಾದದ್ದು ಪ್ರಕಾಶಕ ಎಂಬ ಮಾತು. ಈ ಸಂಖ್ಯೆಯ ಪುಸ್ತಕವನ್ನು ಹೊರತಂದವರು ಯಾರು ಎಂಬುದು ದೆಹಲಿಯ ದಾಖಲೆಯಲ್ಲಿ ಬರೆದಿರುತ್ತದೆ. ಸಂಖ್ಯೆ ಬೇರೆಯವರ ಖಾತೆಯಿಂದ ಬಂದಿದ್ದರೆ, ನಿಮ್ಮ ಒಳಪುಟದಲ್ಲಿ "ಪ್ರಕಾಶಕರು: ಲೇಖಕರೇ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ದಾಖಲೆಯಲ್ಲಿ ಪ್ರಕಾಶಕರು ಅವರೇ. ಮುಂದೆ ಯಾವುದೋ ಅಂಗಡಿಯವನು ಐವತ್ತು ಪ್ರತಿ ಬೇಕೆಂದು ಸಂಖ್ಯೆ ಹಿಡಿದು ಹೊರಟರೆ ಹೋಗಿ ಮುಟ್ಟುವುದು ಅವರ ಬಾಗಿಲು. ಸಂಬಂಧ ಕೆಟ್ಟು ಎರಡನೇ ಮುದ್ರಣವನ್ನು ನೀವೇ ಹಾಕಿಸಲು ಹೋದಾಗ ಆ ಸಂಖ್ಯೆಯನ್ನು ಮತ್ತೆ ಬಳಸಲೂ ಬರುವುದಿಲ್ಲ. ಪ್ರಕಾಶಕ ಬದಲಾದರೆ ಸಂಖ್ಯೆಯೂ ಬದಲಾಗಬೇಕು.

ಹೆದರಿಕೊಂಡ ಒಬ್ಬ ಲೇಖಕಿ ಕೇಳಿದ್ದರು: ನಂಬರ್ ಅವರದಾದರೆ ಪುಸ್ತಕದ ಹಕ್ಕೂ ಅವರಿಗೇ ಹೋಯಿತೇ? ಇಲ್ಲ ತಾಯಿ. ಕೃತಿಸ್ವಾಮ್ಯಕ್ಕೂ ಐಎಸ್‌ಬಿಎನ್‌ಗೂ ಸಂಬಂಧವಿಲ್ಲ. ಬರೆದ ಕ್ಷಣಕ್ಕೆ ಕೃತಿಸ್ವಾಮ್ಯ ನಿಮ್ಮದು. ಅದು ಕೈಬಿಡುವುದು ನೀವು ಸಹಿ ಹಾಕುವ ಒಪ್ಪಂದದಿಂದ, ಈ ಅಂಕಿಗಳಿಂದಲ್ಲ. ಅದೇ ರೀತಿ, ಸಂಖ್ಯೆ ಇದೆ ಎಂದಮಾತ್ರಕ್ಕೆ ಯಾರೋ ಓದಿ ಮೆಚ್ಚಿ ಮುದ್ರೆ ಒತ್ತಿದರು ಎಂದೂ ಅಲ್ಲ. ದೆಹಲಿಯಲ್ಲಿ ನಿಮ್ಮ ಕವಿತೆಯನ್ನು ಯಾರೂ ಓದುವುದಿಲ್ಲ. "ಐಎಸ್‌ಬಿಎನ್ ಪಡೆದ ಕೃತಿ" ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುವವರನ್ನು ನೋಡಿದ್ದೇನೆ. ಹಾಗೆ ನೋಡಿದರೆ ನನ್ನ ಸ್ಕೂಟರಿಗೂ ನಂಬರ್ ಇದೆ.

ಈ ಮರ್ಯಾದೆ ಎಲ್ಲಿಂದ ಬಂತು ಎಂದು ನೀವು ಕೇಳಿದರೆ ನಾನು ಕಾಲೇಜುಗಳ ಕಡೆ ಬೆರಳು ತೋರಿಸುತ್ತೇನೆ. ವಿಶ್ವವಿದ್ಯಾಲಯಗಳ ಅನುದಾನ ನೋಡಿಕೊಳ್ಳುವ ಯುಜಿಸಿಯ 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಅಂಕ ಲೆಕ್ಕ ಹಾಕುವಾಗ ಐಎಸ್‌ಬಿಎನ್ ಇರುವ ಪುಸ್ತಕ ಎಂಬ ಮಾತು ಬಂತು. ಅಲ್ಲಿಂದ ಮುಂದೆ ಸಂಖ್ಯೆಗೊಂದು ಸಂತೆ ಹುಟ್ಟಿತು. ಪುಸ್ತಕ ಮಾರಾಟವಾಗದಿದ್ದರೂ ನಡೆಯುತ್ತದೆ, ನಂಬರ್ ಬೇಕು. ಬೇಡಿಕೆಯಿದ್ದ ಕಡೆ ದಲ್ಲಾಳಿ ಬರುವುದು ಹೊಸದೇನಲ್ಲ.

ಹಾಗಂತ ಸಂಖ್ಯೆ ಕಾನೂನಿನ ಕಡ್ಡಾಯವೂ ಅಲ್ಲ. ಮಗಳ ಮದುವೆಯಲ್ಲಿ ಬಂಧುಗಳಿಗೆ ಹಂಚಲು ಅಜ್ಜಿಯ ಹಾಡುಗಳ ಪುಸ್ತಕ ಮಾಡಿಸುತ್ತೀರಾ? ಸಂಖ್ಯೆಯಿಲ್ಲದೆ ಮಾಡಿಸಿ, ಏನೂ ಆಗುವುದಿಲ್ಲ. ಅಂಗಡಿಗೆ, ಆನ್‌ಲೈನಿಗೆ, ಗ್ರಂಥಾಲಯಗಳಿಗೆ ಹೋಗಬೇಕಾದ ಪುಸ್ತಕಕ್ಕೆ ಮಾತ್ರ ಅದರ ನಿಜವಾದ ಉಪಯೋಗ. ಒಂದೇ ಶೀರ್ಷಿಕೆಯ ನಾಲ್ಕು ಪುಸ್ತಕಗಳ ನಡುವೆ ನಿಮ್ಮದು ಯಾವುದು ಎಂದು ತಪ್ಪದೆ ಹೇಳುವುದು ಅದರ ಕೆಲಸ. ಕನ್ನಡದಲ್ಲಿ "ಭಾವಲಹರಿ", "ಮೌನ ರಾಗ" ಎಂಬಂಥ ಹೆಸರಿನ ಸಂಕಲನಗಳು ಎಷ್ಟಿರಬಹುದು ಎಂದು ಯೋಚಿಸಿದರೆ ಈ ಕೆಲಸದ ಬೆಲೆ ತಿಳಿಯುತ್ತದೆ.

ಕಾನೂನಿನ ಕಡ್ಡಾಯ ಇರುವುದು ಬೇರೆ ಕಡೆ, ಅದನ್ನು ಯಾರೂ ನಿಮಗೆ ಹೇಳುವುದಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಜೊತೆಗೆ ಚೆನ್ನೈನ ಕನ್ನೆಮರಾ, ಮುಂಬೈ ಮತ್ತು ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ನೀವೇ ಪ್ರಕಾಶಕರಾದರೆ ಕಳಿಸಬೇಕಾದವರೂ ನೀವೇ. ಸಂಖ್ಯೆಗೆ ಮೂರು ಸಾವಿರ ಕೊಟ್ಟವರು ಈ ನಾಲ್ಕು ಪ್ರತಿಗಳ ಅಂಚೆ ಖರ್ಚಿಗೆ ಹಿಂದೆಮುಂದೆ ನೋಡುತ್ತಾರೆ. ನೂರು ವರ್ಷದ ನಂತರ ನಿಮ್ಮ ಪುಸ್ತಕ ಎಲ್ಲಾದರೂ ಸಿಗುವುದಿದ್ದರೆ ಕೋಲ್ಕತ್ತದಲ್ಲೇ ಸಿಕ್ಕೀತು.

ಇನ್ನು ಆ ಕೊನೆಯ ಅಂಕಿ. ಇದನ್ನು ಮಾಸ್ತರರಿಗೆ ಲೈಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ, ನಿಮಗೂ ತೋರಿಸುತ್ತೇನೆ. ಮಾದರಿಗೆಂದು 978931234567 ಎಂಬ ಹನ್ನೆರಡು ಅಂಕಿ ತೆಗೆದುಕೊಳ್ಳಿ. ಎಡದಿಂದ ಹೊರಟು ಒಂದನ್ನು 1ರಿಂದ, ಮುಂದಿನದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸುತ್ತ ಕೂಡಿಸಿ. 9, 21, 8, 27, 3, 3, 2, 9, 4, 15, 6, 21. ಒಟ್ಟು 128. ಮುಂದಿನ ಹತ್ತರ ಗುಣಕ 130ಕ್ಕೆ ಎಷ್ಟು ಕಡಿಮೆ? ಎರಡು. ಹದಿಮೂರನೆಯ ಅಂಕಿ 2. ಯಾವುದಾದರೂ ಒಂದು ಅಂಕಿಯನ್ನು ತಪ್ಪಾಗಿ ಕಂಪೋಸ್ ಮಾಡಿದರೆ ಲೆಕ್ಕ ತಾಳೆಯಾಗದೆ ಕಂಪ್ಯೂಟರ್ ತಕರಾರು ತೆಗೆಯುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಆದರೆ ಆ ಎರಡರ ನಡುವೆ ಐದರ ಅಂತರವಿದ್ದರೆ, ಅಂದರೆ 1 ಮತ್ತು 6, 2 ಮತ್ತು 7, ಇಂಥವು ನುಸುಳಿಬಿಡುತ್ತವೆ. 2007ರ ಜನವರಿಗೆ ಮುಂಚೆ ಸಂಖ್ಯೆಗೆ ಹತ್ತೇ ಅಂಕಿ ಇದ್ದಾಗ ಹನ್ನೊಂದರಿಂದ ಭಾಗಿಸುವ ಲೆಕ್ಕ ನಡೆಯುತ್ತಿತ್ತು, ಅದರ ಕಣ್ಣು ತಪ್ಪಿಸಲು ಈ ಅದಲುಬದಲಿಗೂ ಆಗುತ್ತಿರಲಿಲ್ಲ. ಹನ್ನೊಂದರ ಲೆಕ್ಕದಲ್ಲಿ ಶೇಷ ಹತ್ತು ಬಂದರೆ ಬರೆಯಲು ಒಂದೇ ಅಂಕಿಯ ಜಾಗವಿರುವುದರಿಂದ ಎಕ್ಸ್ ಎಂದು ಹಾಕುತ್ತಿದ್ದರು, ರೋಮನ್ ಹತ್ತು. ಹಳೆಯ ಕನ್ನಡ ಪುಸ್ತಕಗಳ ಸಂಖ್ಯೆಯ ಕೊನೆಗೆ ಕೆಲವೊಮ್ಮೆ ಕಾಣುವ ಎಕ್ಸ್ ಅದೇ.

ಸಂಖ್ಯೆ ಸರಿಯಿದೆ ಎಂದು ಲೆಕ್ಕ ತಾಳೆಯಾದರೆ ಅದು ನಿಮ್ಮದೇ ಎಂದಾಗಲಿಲ್ಲ, ಇದು ನೆನಪಿರಲಿ. ಮಾಸ್ತರರ ಪುಸ್ತಕದ ಸಂಖ್ಯೆ ಗುಣಿಸಿ ನೋಡಿದೆವು, ಲೆಕ್ಕ ಸೊಗಸಾಗಿ ತಾಳೆಯಾಯಿತು. ಆಗಲೇಬೇಕಲ್ಲ, ಉಪ್ಪಿನಕಾಯಿಯವರದು ನಿಜವಾದ ಸಂಖ್ಯೆಯೇ.

ಈ ಪದ್ಧತಿ ಶುರುವಾದದ್ದು 1960ರ ದಶಕದ ಬ್ರಿಟನ್ನಿನಲ್ಲಿ, ಡಬ್ಲ್ಯು.ಎಚ್. ಸ್ಮಿತ್ ಎಂಬ ಪುಸ್ತಕ ವ್ಯಾಪಾರದವರು ತಮ್ಮ ಗೋದಾಮಿಗೆ ಕಂಪ್ಯೂಟರ್ ತರಲು ಹೊರಟಾಗ. ಗಾರ್ಡನ್ ಫಾಸ್ಟರ್ ಎಂಬ ಪ್ರಾಧ್ಯಾಪಕರು ಒಂಬತ್ತು ಅಂಕಿಯ ಏರ್ಪಾಡು ಮಾಡಿಕೊಟ್ಟರು. 1970ರಲ್ಲಿ ಅದು ಹತ್ತು ಅಂಕಿಯ ಅಂತರರಾಷ್ಟ್ರೀಯ ಮಾನಕವಾಯಿತು. ಅಂದರೆ ಇದು ಹುಟ್ಟಿದ್ದೇ ಗೋದಾಮಿನಲ್ಲಿ, ಸಾಹಿತ್ಯ ಸಭೆಯಲ್ಲಲ್ಲ.

ಈಗ ಗೆರೆಗಳಿಗೆ ಬರೋಣ. ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಬಾರ್‌ಕೋಡ್ ಎಂದರೆ ಅದೇ ಹದಿಮೂರು ಅಂಕಿಯನ್ನು ಯಂತ್ರ ಓದುವ ಹಾಗೆ ಬರೆದದ್ದು. ಅದರೊಳಗೆ ನಿಮ್ಮ ಹೆಸರಿಲ್ಲ, ಪುಸ್ತಕದ ಹೆಸರಿಲ್ಲ, ಬೆಲೆಯೂ ಇಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಸಂಖ್ಯೆಯ ಎದುರು ಹೆಸರು, ಬೆಲೆ ತುಂಬಿಸಿಟ್ಟಿದ್ದರೆ ಮಾತ್ರ ಕುಂಯ್ ಎಂದ ಕೂಡಲೇ ಅವು ಮೂಡುತ್ತವೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ "ಏನೂ ಬರ್ಲಿಲ್ಲ" ಎಂದು ಫೋನ್ ಮಾಡುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಗೆರೆಗಳ ಒಟ್ಟು ಅಗಲವನ್ನು 95 ಸಮಪಾಲು ಮಾಡಿರುತ್ತಾರೆ. ಎರಡು ತುದಿಗೂ ನಡುವಿಗೂ ಇರುವ ಕೊಂಚ ಉದ್ದದ ಜೋಡಿಗೆರೆಗಳು ಕಾವಲಿನವು. ಎಡಭಾಗದಲ್ಲಿ ಆರು ಅಂಕಿ, ಬಲಭಾಗದಲ್ಲಿ ಆರು. ಹಾಗಾದರೆ ಹನ್ನೆರಡೇ ಆಯಿತಲ್ಲ, ಮೊದಲ 9 ಎಲ್ಲಿ? ಅದಕ್ಕೆ ಗೆರೆಯೇ ಇಲ್ಲ! ಎಡಭಾಗದ ಪ್ರತಿ ಅಂಕಿಯನ್ನು ಎರಡು ಬಗೆಯಲ್ಲಿ ಬರೆಯಲು ಬರುತ್ತದೆ. ಯಾವ ಅಂಕಿ ಯಾವ ಬಗೆಯಲ್ಲಿ ಬಂದಿದೆ ಎಂಬ ವಿನ್ಯಾಸ ನೋಡಿಯೇ ಯಂತ್ರ ಮೊದಲ ಅಂಕಿಯನ್ನು ತಿಳಿದುಕೊಳ್ಳುತ್ತದೆ. ಒಂದು ಬಗೆಯನ್ನು ಲಘು, ಇನ್ನೊಂದನ್ನು ಗುರು ಎಂದಿಟ್ಟುಕೊಂಡರೆ 9ಕ್ಕೆ ನಿಗದಿಯಾದ ಪ್ರಸ್ತಾರ ಹೀಗೆ: ಲಘು ಗುರು ಗುರು, ಲಘು ಗುರು ಲಘು.

"ಯಗಣ, ಜಗಣ," ಅಂದರು ಮಾಸ್ತರು ಥಟ್ಟನೆ. ಮೂವತ್ತು ವರ್ಷ ಯಮಾತಾರಾಜಭಾನಸಲಗಂ ಕಲಿಸಿದ ಬಾಯಿ. ಪ್ರಪಂಚದ ಯಾವ ಪುಸ್ತಕದ ಬೆನ್ನು ನೋಡಿದರೂ ಮೊದಲ ಅಂಕಿ 9 ಆದ್ದರಿಂದ ಎಲ್ಲದರ ಎಡಭಾಗವೂ ಅದೇ ಯಗಣ, ಜಗಣ. ಆ ದಿನ ಅವರ ಮುಖದಲ್ಲಿ ನಗು ಕಂಡದ್ದು ಅದೊಂದೇ ಸಲ.

ಇದಕ್ಕೆ ಹಣ ಕೊಡಬೇಡಿ. ಸಂಖ್ಯೆ ಕೈಗೆ ಬಂದ ಮೇಲೆ ಬಾರ್‌ಕೋಡ್ ಎರಡು ನಿಮಿಷದ ಕೆಲಸ. ನಾವು ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ ತಂತ್ರಾಂಶದಲ್ಲೇ ಬಾರ್‌ಕೋಡ್ ವಿಝಾರ್ಡ್ ಇದೆ, ಪುಕ್ಕಟೆ ಸಿಗುವ ಇಂಕ್‌ಸ್ಕೇಪಿನಲ್ಲೂ ಇದೆ. ನಾನೂ ಮೊದಮೊದಲು ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಈಗ ಬಿಟ್ಟಿದ್ದೇನೆ. ಸೋಪು, ಬಿಸ್ಕತ್ತಿನ ಮೇಲಿನ 890ರಿಂದ ಶುರುವಾಗುವ ಬಾರ್‌ಕೋಡಿಗೆ ಅಂಥ ಸಂಖ್ಯೆ ಕೊಡುವ ಜಿಎಸ್1 ಇಂಡಿಯಾ ಎಂಬ ಸಂಸ್ಥೆಯ ಸದಸ್ಯತ್ವ ಬೇಕು, ಅದಕ್ಕೆ ದುಡ್ಡೂ ಬೇಕು. ಪುಸ್ತಕಕ್ಕೂ ಅದು ಬೇಕು ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಪುಸ್ತಕಗಳಿಗೆ 978 ಆಗಲೇ ಮೀಸಲಾಗಿದೆ.

ಆದರೆ ಹಾಕುವಾಗ ಸರಿಯಾಗಿ ಹಾಕಿಸಿ. ಪೂರ್ಣ ಅಳತೆ ಸುತ್ತಲಿನ ಖಾಲಿ ಜಾಗ ಸೇರಿ ಸುಮಾರು 37 ಮಿ.ಮೀ. ಅಗಲ, 26 ಮಿ.ಮೀ. ಎತ್ತರ. ಕುಗ್ಗಿಸುವುದಾದರೆ ಶೇ. 80ಕ್ಕಿಂತ ಕೆಳಗೆ ಬೇಡ. ಬೆನ್ನುಡಿ ಉದ್ದವಾಯಿತೆಂದು ಬಾರ್‌ಕೋಡನ್ನು ಹಿಂಡುವ ಬದಲು ಬೆನ್ನುಡಿಯವರ ಹೊಗಳಿಕೆಯಲ್ಲಿ ಎರಡು ಸಾಲು ತೆಗೆಯಿರಿ, ಯಾರೂ ಗಮನಿಸುವುದಿಲ್ಲ. ಗೆರೆಗಳ ಎಡಕ್ಕೆ ಮೂರೂವರೆ ಮಿ.ಮೀ.ಗಿಂತ ಜಾಸ್ತಿ, ಬಲಕ್ಕೆ ಎರಡೂವರೆಯಷ್ಟು ಬಿಳಿ ಜಾಗ ಬಿಡಲೇಬೇಕು. ಅಲ್ಲಿ ಬಳ್ಳಿ, ಬಾರ್ಡರ್, ಫೋಟೋ ಬಂದರೆ ಗೆರೆ ಎಲ್ಲಿ ಶುರುವಾಯಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಜೆಪಿಜಿ ತಂದು ಎಳೆದು ದೊಡ್ಡದು ಮಾಡಬೇಡಿ, ಗೆರೆಯ ಅಂಚು ಮಸುಕಾಗುತ್ತದೆ. ಬಣ್ಣ ಬರೀ ಕಪ್ಪು ಇರಲಿ, ಕಪ್ಪು ಪ್ಲೇಟ್ ಒಂದರಲ್ಲೇ. ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದರೆ ಮಷಿನ್ನಿನಲ್ಲಿ ಕೂದಲೆಳೆ ಸರಿದರೂ ಗೆರೆಗೊಂದು ನೆರಳು ಬರುತ್ತದೆ.

ಕೆಂಪಿನ ಕಥೆ ಒಂದಿದೆ. ನನ್ನದೇ ತಪ್ಪು. ಹಳದಿ ಮುಖಪುಟಕ್ಕೆ ಕೆಂಪು ಗೆರೆ ಚಂದ ಕಾಣುತ್ತದೆ, ಕನ್ನಡ ಬಾವುಟದ ಬಣ್ಣ ಎಂದು ಲೇಖಕರು ಆಸೆಪಟ್ಟರು. ನಾನು ಹಾಕಿಕೊಟ್ಟೆ. ಐನೂರು ಪ್ರತಿ ಅಚ್ಚಾದವು. ಅಂಗಡಿಯಲ್ಲಿ ಒಂದೂ ಕುಂಯ್ ಅನ್ನಲಿಲ್ಲ. ಅಂಗಡಿಯ ಸ್ಕ್ಯಾನರಿನ ಬೆಳಕು ಕೆಂಪು. ಆ ಬೆಳಕಿಗೆ ಕೆಂಪು ಶಾಯಿಯೂ ಹಳದಿಯೂ ಬಿಳಿಯಂತೆಯೇ ಕಾಣುತ್ತವೆ, ಗೆರೆಯೇ ಇಲ್ಲದ ಖಾಲಿ ಹಾಳೆ ಅದಕ್ಕೆ. ಬಾವುಟ ಕಣ್ಣಿಗೆ ಮಾತ್ರ ಉಳಿಯಿತು.

ನಮ್ಮಲ್ಲಿ ಬಹಳ ಗೊಂದಲವಾಗುವ ಇನ್ನೊಂದು ವಿಷಯ ಮುದ್ರಣ ಮತ್ತು ಆವೃತ್ತಿ. ಪ್ರತಿ ಖಾಲಿಯಾಗಿ ಅದನ್ನೇ ಮತ್ತೆ ಅಚ್ಚು ಹಾಕಿದರೆ ಅದು ಎರಡನೇ ಮುದ್ರಣ, ಸಂಖ್ಯೆ ಹಳೆಯದೇ. ಬೆಲೆ ಏರಿಸಿದರೂ, ಕಾಗುಣಿತದ ತಪ್ಪು ತಿದ್ದಿದರೂ, ಮುಖಪುಟದ ಚಿತ್ರ ಬದಲಿಸಿದರೂ ಹಳೆಯದೇ. ಅಧ್ಯಾಯ ಸೇರಿಸಿ ಪರಿಷ್ಕರಿಸಿದರೆ ಅದು ಎರಡನೇ ಆವೃತ್ತಿ, ಅದಕ್ಕೆ ಹೊಸ ಸಂಖ್ಯೆ. ಸಾದಾ ರಟ್ಟಿಗೊಂದು, ಗಟ್ಟಿ ರಟ್ಟಿಗೊಂದು, ಇ-ಪುಸ್ತಕಕ್ಕೆ ಮತ್ತೊಂದು. ಪುಸ್ತಕ ಅಳಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಸಾಲಾಗಿ ಬರುವ ಪತ್ರಿಕೆಗಳಿಗೆ ಐಎಸ್‌ಎಸ್‌ಎನ್ ಎಂಬ ಬೇರೆಯೇ ಸಂಖ್ಯೆಯಿದೆ, ಅದರ ಸಹವಾಸ ಇಲ್ಲಿ ಬೇಡ.

ಅಮೆಜಾನಿನಂಥ ಕಡೆ ಅವರೇ ಅಚ್ಚು ಹಾಕಿ ಮಾರುವ ಪುಸ್ತಕಕ್ಕೆ ಪುಕ್ಕಟೆ ಐಎಸ್‌ಬಿಎನ್ ಕೊಡುತ್ತಾರೆ. ಮೋಸವೇನಿಲ್ಲ, ಆದರೆ ಆ ಸಂಖ್ಯೆ ಅವರ ಅಂಗಳಕ್ಕೆ ಮಾತ್ರ. ಅದನ್ನೇ ತಂದು ಗದಗಿನಲ್ಲಿ ಅಚ್ಚು ಹಾಕಿಸುವ ಪ್ರತಿಗೆ ಹಾಕಿರೆಂದರೆ ನಾನು ಹಾಕುವುದಿಲ್ಲ.

ಒಂದು ಕೋರಿಕೆ ಕನ್ನಡ ಪುಸ್ತಕ ಪ್ರಾಧಿಕಾರಕ್ಕೂ ಇದೆ. ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುವ ನೀವು, ಆ ಅರ್ಜಿಯ ಜೊತೆಗೇ ಕನ್ನಡದಲ್ಲಿ ಎರಡು ಪುಟದ ಒಂದು ಕೈಪಿಡಿ ಕೊಡಿ: ಸಂಖ್ಯೆ ಉಚಿತ, ಎಲ್ಲಿ ಕೇಳಬೇಕು, ಯಾವ ಕಾಗದ ಬೇಕು. ಇಷ್ಟಾದರೆ ದಲ್ಲಾಳಿಗಳ ಅರ್ಧ ವ್ಯಾಪಾರ ನಿಲ್ಲುತ್ತದೆ. ಬರೆದುಕೊಡಲು ನಾನು ತಯಾರಿದ್ದೇನೆ, ಪುಟವನ್ನೂ ಕಟ್ಟಿಕೊಡುತ್ತೇನೆ.

ಮಾಸ್ತರರ ವಿಷಯಕ್ಕೆ ಮರಳಿದರೆ, ಅವರು ಹನ್ನೆರಡು ಹೊಸ ಕವಿತೆ ಸೇರಿಸಿ ಎರಡನೇ ಆವೃತ್ತಿ ತರಲು ನಿಶ್ಚಯಿಸಿದರು. ಮೊಮ್ಮಗಳೇ ಅರ್ಜಿ ತುಂಬಿದಳು. ಸಂಖ್ಯೆ ಅವರ ಸ್ವಂತ ಹೆಸರಿನಲ್ಲಿ ಬಂತು. ಉಳಿದದ್ದು ಮನೆಯಲ್ಲಿದ್ದ ಹಳೆಯ ಮುನ್ನೂರು ಚಿಲ್ಲರೆ ಪ್ರತಿಗಳು. ಒಂದು ಭಾನುವಾರ ಅವರ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಅಮ್ಮನವರು ಗಿರ್ಮಿಟ್ ಮಾಡಿಕೊಟ್ಟರು, ನಾನು ಬಿಳಿ ಸ್ಟಿಕರ್ ಕತ್ತರಿಸಿದೆ, ಮಾಸ್ತರು ಒಂದೊಂದೇ ಪುಸ್ತಕ ಬೋರಲು ಹಾಕಿ ಗೆರೆಗಳ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ತೀಡಿದರು. ಸಂಖ್ಯೆಯಿಲ್ಲದ ಪುಸ್ತಕವಾಗಿ ಅವು ಈಗ ಸ್ನೇಹಿತರಿಗೆ ಹೋಗುತ್ತಿವೆ. ಬಿಡುಗಡೆಯ ದಿನ ವೇದಿಕೆಯ ಮೇಲಿದ್ದವರಿಗೆ ಕೊಟ್ಟ ಹನ್ನೊಂದು ಪ್ರತಿ ಮಾತ್ರ ನಮ್ಮ ಕೈಗೆ ಸಿಗಲಿಲ್ಲ. ಅವುಗಳ ಬೆನ್ನ ಮೇಲೆ ಉಪ್ಪಿನಕಾಯಿಯ ನಂಬರು ಹಾಗೇ ಇದೆ.

ಇಂತಿ ನಿಮ್ಮವ,
ಪುಟ ಕಟ್ಟುವವನು
ಗದಗ